ಎರಡು ನಿಮಿಷದ ರೈಲು

ಕೊಟ್ರೇಶ್ ಮೊಬೈಲಿನಲ್ಲಿ ಎರಡು ನಿಮಿಷಕ್ಕೆ ಅಲಾರಂ ಇಟ್ಟು, ಅತ್ತೆ ಹೂವಮ್ಮನ ಕೈಗೆ ಬಟ್ಟೆ ತುಂಬಿದ ಚೀಲ ಕೊಟ್ಟು, ಶಿಕಾರಿಪುರದ ಬಸ್ ನಿಲ್ದಾಣದೊಳಕ್ಕೆ ಆಗಷ್ಟೇ ತಿರುಗುತ್ತಿದ್ದ ಸೊರಬದ ಬಸ್ಸಿನ ಕಡೆ ಬೆರಳು ತೋರಿಸಿದ.

“ಇದನ್ನ ರೈಲು ಅಂತ ತಿಳ್ಕೊಳ್ರಿ ಅತ್ತೆ.”

ಹೂವಮ್ಮ ಬಸ್ಸನ್ನು ದಿಟ್ಟಿಸಿದಳು. “ರೈಲಿಗೂ ಸೊರಬ ಅಂತ ಬೋರ್ಡ್ ಇರ್ತದಾ?”

ಪಕ್ಕದಲ್ಲಿದ್ದ ಹೆಂಡತಿ ಶಶಿರೇಖಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊಟ್ರೇಶ್ ನಗಲಿಲ್ಲ. ಡಿಸೆಂಬರ್ ಕೊನೆಯ ವಾರದ ಪ್ರವಾಸಕ್ಕೆ ಅವನು ಎರಡು ತಿಂಗಳು ಕೂತು ಪಟ್ಟಿ ಮಾಡಿದ್ದ. ಬಸ್ಸಿನಲ್ಲಿ ಹಾವೇರಿ, ಅಲ್ಲಿಂದ ರೈಲಿನಲ್ಲಿ ಹುಬ್ಬಳ್ಳಿ, ಗದಗ, ಬಾದಾಮಿ, ವಿಜಯಪುರ, ಕೊನೆಗೆ ಮತ್ತೆ ಬಸ್ಸಿನಲ್ಲಿ ಹೊಸಪೇಟೆ. ಗದಗದಲ್ಲಿ ಚಹಾಕ್ಕೆ ಏಳು ನಿಮಿಷ ಬಿಟ್ಟಿದ್ದ. ಚಹಾ ತೀರಾ ಬಿಸಿಯಿದ್ದರೆ ಇನ್ನೆರಡು. ಇಡೀ ಪಟ್ಟಿಯಲ್ಲಿ ಅವನ ನಿದ್ದೆ ಕೆಡಿಸಿದ್ದು ಹಾವೇರಿ ಮಾತ್ರ. ಅಲ್ಲಿ ರೈಲು ನಿಲ್ಲುವುದು ಎರಡೇ ನಿಮಿಷ. ಅತ್ತೆಗೆ ಅರವತ್ತೆಂಟು ವರ್ಷ, ರೈಲನ್ನು ದೂರದಿಂದ ಮಾತ್ರ ನೋಡಿದವಳು. ಅದಕ್ಕೇ ಅವನೊಂದು ಕಾನೂನು ಮಾಡಿದ್ದ: ಎರಡು ನಿಮಿಷದೊಳಗೆ ಹತ್ತಲಾಗದವರು ಪ್ರವಾಸ ಮುಗಿಯುವ ತನಕ ಸೊರಬದಲ್ಲಿ ನಾದಿನಿ ಮಾಲಾಳ ಮನೆಯಲ್ಲಿರಬೇಕು.

ಹೂವಮ್ಮನಿಗೆ ಅಷ್ಟೆಲ್ಲ ಊರು ಬೇಕಿರಲಿಲ್ಲ. ಗೋಲಗುಂಬಜ್ ಒಂದು ಕಂಡರೆ ಸಾಕಿತ್ತು. “ಅಲ್ಲಿ ಒಂದು ಸಲ ಕೂಗಿದ್ರೆ ಏಳು ಸಲ ಕೇಳಿಸ್ತದಂತೆ,” ಎಂದು ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೂ ಹೇಳಿದ್ದಳು. “ಈ ಮನೇಲಿ ಏಳು ಸಲ ಕೂಗಿದ್ರೂ ಒಂದು ಸಲ ಕೇಳಿಸಲ್ಲ.” ಆ ಮಾತಿನ ನಡುವೆಯೇ ಕೊಟ್ರೇಶ್ ಹೆಂಡತಿಗೆ ಗದಗದ ಚಹಾದ ಲೆಕ್ಕ ಒಪ್ಪಿಸುತ್ತಿದ್ದ.

“ಮೊದಲು ಇಳಿಯೋರಿಗೆ ದಾರಿ ಬಿಡಬೇಕು,” ಎಂದು ಕೊಟ್ರೇಶ್ ಪಾಠ ಶುರು ಮಾಡಿದ. “ಆಮೇಲೆ ಬಲಗಾಲು. ಆಮೇಲೆ ಚೀಲ. ಯಾರನ್ನೂ ನೂಕಬಾರದು.”

“ನೂಕದೇ ಹತ್ತೋದು ಹೆಂಗೆ?”

“ರೈಲಲ್ಲಿ ಎಲ್ಲರಿಗೂ ಅವರವರ ಸೀಟು ಬುಕ್ ಆಗಿರ್ತದೆ ಅತ್ತೆ.”

“ಹಂಗಾದ್ರೆ ಈ ಓಡೋ ಪರೀಕ್ಷೆ ಎಂಥಕ್ಕೆ?”

ಕೊಟ್ರೇಶ್ ಅಲಾರಂ ಶುರು ಮಾಡಲು ಮೊಬೈಲಿನ ಮೇಲೆ ಬೆರಳಿಟ್ಟ. “ಹತ್ತಿ, ಕೂತು, ಹಂಗೇ ಇಳಿದು ಬಂದುಬಿಡಿ. ಇಬ್ಬರೂ. ಒಂದು... ಎರಡು...”

ಮೂರು ಹೇಳಲು ಅವನಿಗೆ ಪುರಸೊತ್ತಾಗಲಿಲ್ಲ. ಬಸ್ಸಿನ ಚಕ್ರ ಇನ್ನೂ ಉರುಳುತ್ತಿತ್ತು; ಹೂವಮ್ಮ ಅಳಿಯನ ಕುತ್ತಿಗೆಯಿಂದ ಪ್ರವಾಸಕ್ಕೆಂದೇ ತಂದಿದ್ದ ಹೊಸ ಮಫ್ಲರನ್ನು ಸರ್ರನೆ ಎಳೆದು ಒಂದು ಕಿಟಕಿಯೊಳಕ್ಕೆ ಎಸೆದಳು. ಚೀಲವನ್ನು ಅದರ ಹಿಂದಿನ ಕಿಟಕಿಗೆ ತೂರಿದಳು. ಒಬ್ಬ ದಢೂತಿ ಮನುಷ್ಯನ ಪಕ್ಕೆಗೆ ಮೊಣಕೈ ಕೊಟ್ಟು, ಇಬ್ಬರ ನಡುವೆ ಓರೆಯಾಗಿ ನುಸುಳಿ, ಮಗಳ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಈಕೆ ತನ್ನೂರು ಕುಬಟೂರಿನಿಂದ ಸೊರಬದ ಸಂತೆಗೆ ಮೂವತ್ತು ವರ್ಷ ಬಸ್ಸಿನಲ್ಲಿ ಬದನೆಕಾಯಿ ಬುಟ್ಟಿ ಸಾಗಿಸಿದ ಹೆಂಗಸು ಎಂಬುದು ಕೊಟ್ರೇಶನಿಗೆ ಆಗ ನೆನಪಾಯಿತು. ಮೊಬೈಲು ನೋಡಿದ. ಇಪ್ಪತ್ತೆರಡು ಸೆಕೆಂಡು. ಜೇಬಿನಿಂದ ಡೈರಿ ತೆಗೆದು ಬರೆದುಕೊಂಡ.

“ಪಾಸಾದ್ರಿ ಅತ್ತೆ! ಇಳೀರಿ ಈಗ.”

ಹೂವಮ್ಮನ ಮುಖ ಕಿಟಕಿಯಲ್ಲಿ ಕಾಣಿಸಿತು. “ಸಂತೆ ದಿನ ಕಿಟಕಿ ಸೀಟು ಸಿಕ್ಕಿದೆ ಮಾರಾಯ್ರೆ! ಇದನ್ನ ಬಿಟ್ಟು ಯಾರಾದ್ರೂ ಇಳೀತಾರಾ? ನೀವೇ ಹತ್ತಿ. ನಿಮಗೂ ಸೀಟು ಹಿಡಿದೀನಿ.”

“ಅತ್ತೆ, ಇದು ಪ್ರಾಕ್ಟೀಸು!”

“ಕಂಡಕ್ಟರಿಗೆ ಆಧಾರ್ ಕಾರ್ಡು ತೋರ್ಸಿ ಟಿಕೇಟೂ ಹರಿಸ್ಕೊಂಡಾಯ್ತು,” ಎಂದು ಹೂವಮ್ಮ ಹೆಂಗಸರಿಗೆ ಕೊಡುವ ಪುಕ್ಕಟೆ ಟಿಕೇಟು ಎರಡನ್ನು ಕಿಟಕಿಯಿಂದಲೇ ಆಡಿಸಿದಳು. ಹಿಂದಿನ ಸೀಟಿನಲ್ಲಿ ಶಶಿರೇಖಾ ಚೀಲ ಮಡಿಲಲ್ಲಿಟ್ಟುಕೊಂಡು ಒರಗಿ ಕೂತಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಅಷ್ಟು ಆರಾಮಾಗಿ ಕೂತದ್ದನ್ನು ಕೊಟ್ರೇಶ್ ನೋಡಿರಲಿಲ್ಲ.

ಅವನು ಬಾಗಿಲಿಗೆ ಬಂದ. ಹದಿನೈದು ವರ್ಷದಿಂದ ಎಲ್ಲಿಗೆ ಹೋದರೂ ಬೈಕಿನಲ್ಲೇ ಹೋದವನು. ಮೊದಲು ಇಳಿಯುವವರಿಗೆ ದಾರಿ ಬಿಟ್ಟ. ಅವರು ಇಳಿದ ಮೇಲೆ ಹತ್ತುವವರಿಗೂ ಬಿಡಬೇಕಾಯಿತು, ಯಾಕೆಂದರೆ ಅವರು ಕೇಳಲಿಲ್ಲ. ಕೊನೆಗೆ ಬಲಗಾಲು ಎತ್ತಿದ. ಒಂದು ಕೈಯಲ್ಲಿ ಡೈರಿ, ಇನ್ನೊಂದರಲ್ಲಿ ಮೊಬೈಲು. ಕಂಬಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಒಳಗೆಲ್ಲೋ “ರೈಟ್!” ಎಂಬ ಕೂಗು ಕೇಳಿತು. ಬಾಗಿಲು ಮುಚ್ಚಿತು. ಎತ್ತಿದ ಕಾಲನ್ನು ನೆಲಕ್ಕಿಡುವಷ್ಟರಲ್ಲಿ ಅಲಾರಂ ಹೊಡೆದುಕೊಂಡಿತು.

“ನಿಲ್ಸಿ! ಅತ್ತೆ! ಶಶೀ! ನಿಲ್ಸ್ರೀ!” ಕಿಟಕಿಯ ಜೊತೆ ಜೊತೆಗೇ ಓಡುತ್ತ ಕೂಗಿದ. ಏಳು ಸಲ ಕೂಗಿರಬೇಕು.

“ಕೇಳಿಸ್ತು, ಕೇಳಿಸ್ತು,” ಎಂದಳು ಹೂವಮ್ಮ ಶಾಂತವಾಗಿ. “ಮಾಲಾಗೆ ಹೇಳಿರ್ತೀನಿ, ಡಿಸೆಂಬರ್‌ನಲ್ಲಿ ನಿಮಗೆ ಒಂದು ಹಾಸಿಗೆ, ಎರಡು ರಗ್ಗು ತೆಗೆದಿಡು ಅಂತ.”

ಬಸ್ಸು ಗೇಟಿನ ಕಡೆ ವಾಲಿತು. ಅವಳ ಪಕ್ಕದ ಸೀಟಿನ ಮೇಲೆ ಅವನ ಮಫ್ಲರು ಉದ್ದಕ್ಕೆ ಹಾಸಿತ್ತು. ನಿಂತಿದ್ದವರಲ್ಲೊಬ್ಬ ಅದನ್ನು ಎತ್ತಲು ಕೈ ಚಾಚಿದ. ಹೂವಮ್ಮ ಆ ಕೈಗೆ ಪಟ್ಟನೆ ಒಂದು ಕೊಟ್ಟಳು.

“ಅಲ್ಲಿ ಜನ ಇದ್ದಾರೆ,” ಎಂದದ್ದು ಹೊರಗೆ ಓಡುತ್ತಿದ್ದ ಕೊಟ್ರೇಶನಿಗೆ ಸ್ಪಷ್ಟವಾಗಿ ಕೇಳಿಸಿತು.