ಪುಟ್ಟ ಫಿಯಾಟಿನ ಹಿಂದಿನ ಸೀಟು

ಬಿಸಿಲಿಗೆ ಕಾದ ಕ್ಯಾನ್ವಾಸಿನ ವಾಸನೆ ಬಂದರೆ ಈಗಲೂ ನನ್ನ ಹಿಮ್ಮಡಿ ತಾನಾಗಿ ಬಿಗಿಯುತ್ತದೆ.

ಆ ಮಧ್ಯಾಹ್ನ, ನಾವಿದ್ದ ಕೊಲ್ಲಿ ದೇಶದ ಸಲ್ವಾದಲ್ಲಿ, ನಮ್ಮೂರಿನ ಲಿಲ್ಲಿ ಆಂಟಿಯನ್ನು ಹೊರಗೇ ಬಿಡದೆ ಕೆಲಸಕ್ಕಿಟ್ಟುಕೊಂಡಿದ್ದ ಮನೆಯ ಹಿಂದೆ, ಪಪ್ಪ ತಮ್ಮ ಹಳೆಯ ಪುಟ್ಟ ಫಿಯಾಟ್ ನಿಲ್ಲಿಸಿ ನನ್ನನ್ನು ಜ್ಯೂಸ್ ತರಲು ಕಳಿಸಿದರು. ಮರಳಿ ಬಂದಾಗ ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಬೆಡ್‌ಶೀಟ್ ಸುತ್ತಿದ ದೊಡ್ಡ ಗಂಟಿತ್ತು.

"ಹಳೇ ಬಟ್ಟೆ ಮಾರಾಯ್ತಿ. ಸುಮ್ಮನೆ ಕಾಲಿಟ್ಟು ಕೂತ್ಕೋ" ಎಂದರು ಮುಂದಿನ ಸೀಟಿನಲ್ಲಿದ್ದ ಮಮ್ಮಿ, ತಿರುಗಿಯೂ ನೋಡದೆ.

ಹಳೆಯ ಬಟ್ಟೆ ಇಷ್ಟು ಬೆಚ್ಚಗಿರುತ್ತದೆಯೇ? ತೆಂಗಿನೆಣ್ಣೆಯ ವಾಸನೆ ಬೇರೆ. ನನಗೇಕೋ ಯಾವುದೂ ಸರಿ ಕಾಣಲಿಲ್ಲ.

ಫರ್ವಾನಿಯಾದ ದಾರಿಯಲ್ಲಿ ಪೊಲೀಸ್ ಕೈ ಅಡ್ಡ ಹಿಡಿದ. ಮನೆಯಲ್ಲಿ ಬಾಯಿಯೇ ಬಿಡದ ಪಪ್ಪ ಅರೆಬರೆ ಅರಬಿಯಲ್ಲಿ ಕಾರಿನ ಪುರಾಣ ಬಿಚ್ಚಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಸ್ಕೂಟರಿನಲ್ಲಿ ಓಡಾಡುತ್ತಿದ್ದ ಸಂಸಾರಗಳಿಗಾಗಿ ಇಟಲಿಯವರು ಮಾಡಿದ ಕಾರಂತೆ. ತಗಡು ಉಳಿಸಲು ತಲೆಯ ಮೇಲೆ ಕ್ಯಾನ್ವಾಸಿನ ಹೊದಿಕೆಯಂತೆ. ಮೊದಮೊದಲು ಹಿಂದೆ ಸರಿಯಾದ ಸೀಟೇ ಇರಲಿಲ್ಲವಂತೆ.

ಪೊಲೀಸ್ ನಗುತ್ತಲೇ ಒಳಗೆ ಇಣುಕಿ, ಗಂಟು ತೋರಿಸಿ, ಏನದು ಎಂದು ನನ್ನನ್ನೇ ಕೇಳಿದ. ಬೆಡ್‌ಶೀಟಿನೊಳಗಿಂದ ಒಂದು ಕೈ ನನ್ನ ಹಿಮ್ಮಡಿ ಹಿಡಿಯಿತು.

"ಓಲ್ಡ್ ಕ್ಲೋತ್ಸ್" ಎಂದೆ.

"ಯಲ್ಲಾ" ಎಂದು, ಹೊರಡಿ ಎನ್ನುವಂತೆ ಕೈಬೀಸಿದ.

ಮನೆ ಮುಟ್ಟುವವರೆಗೂ ಆ ಕೈ ನನ್ನ ಕಾಲು ಬಿಡಲಿಲ್ಲ.