ಅಲವೇಲಮ್ಮ ಬದುಕಿದ್ದಾಳೆ ಎಂದು ಹೇಳಿದವರು ಯಾರು?

ಕೊಲ್ಲಿ ದೇಶವೊಂದರ ಆಸ್ಪತ್ರೆಯಲ್ಲಿ ನಾನು ಹನ್ನೊಂದು ವರ್ಷ ನರ್ಸ್ ಆಗಿದ್ದೆ.

ರಜೆಯ ದಿನ ನಮ್ಮ ದೇಶದ ರಾಯಭಾರ ಕಚೇರಿಗೆ ಹೋಗುತ್ತಿದ್ದೆ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದವರ ಕಷ್ಟವನ್ನು ಅಧಿಕಾರಿಗಳಿಗೆ ತಿಳಿಸಿ ಹೇಳುವುದು ನನ್ನ ಕೆಲಸ.

ಅಲ್ಲಿ ಕಂಡದ್ದೊಂದನ್ನು ಇವತ್ತು ಹೇಳಿಬಿಡುತ್ತೇನೆ... ದಯವಿಟ್ಟು ಪೂರ್ತಿ ಓದಿ.

ಒಂದು ಬೆಳಿಗ್ಗೆ ಗೇಟಿನ ಬಳಿ ಹೆಂಗಸೊಬ್ಬಳು ಬರಿಗಾಲಲ್ಲಿ ನಿಂತಿದ್ದಳು. ಎಡಗೈ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಸುಟ್ಟ ಗಾಯ...

ಹೆಸರು ಅಲವೇಲಮ್ಮ. ಕೋಲಾರದ ಕಡೆಯ ಹಳ್ಳಿ. ಮನೆಗೆಲಸಕ್ಕೆ ಬಂದು ನಾಲ್ಕು ವರ್ಷ.

ಬಂದ ದಿನವೇ ಮನೆಯೊಡತಿ ಪಾಸ್‌ಪೋರ್ಟನ್ನೂ ಫೋನನ್ನೂ ಕಿತ್ತಿಟ್ಟುಕೊಂಡಿದ್ದಳು. ಈಗ ಅಂಗಿಯ ಇಸ್ತ್ರಿ ಸರಿಯಾಗಿಲ್ಲ ಎಂದು ಕೈಗೇ ಒತ್ತಿದ್ದಳು.

“ಪಾಸ್‌ಪೋರ್ಟಿನ ಜೆರಾಕ್ಸ್ ಏನಾದ್ರೂ ಇದೆಯಾ ಅಲವೇಲಮ್ಮ?”

“ಇಲ್ಲ ಮೇಡಂ... ಎಲ್ಲಾ ಇಲ್ಲಿಗೆ ಕಳ್ಸಿದ ಏಜೆಂಟ್ ತಾವೇ ಐತೆ. ಅವ್ನು ಫೋನೇ ಎತ್ತಲ್ಲ.”

ಗಂಡನ ನಂಬರ್ ಅವಳಿಗೆ ಬಾಯಿಪಾಠ. ನಾವು ಎಷ್ಟು ಸಲ ಮಾಡಿದರೂ ಸ್ವಿಚ್ ಆಫ್.

ಅಧಿಕಾರಿ ಸಮಾಧಾನ ಹೇಳಿದರು. ಊರಿನ ಪೊಲೀಸರು ಮನೆಗೆ ಹೋಗಿ ವಿಚಾರಿಸುತ್ತಾರೆ. ‘ಹೌದು, ಇವಳು ನಮ್ಮವಳು’ ಎಂದು ಮನೆಯವರು ಹೇಳಿದರೆ ಸಾಕು... ಊರಿಗೆ ಮರಳಲು ತುರ್ತು ಪ್ರಯಾಣಪತ್ರ ಸಿಗುತ್ತದೆ.

ಅಲ್ಲಿಯವರೆಗೆ ಆಶ್ರಯಕ್ಕೆ ಒಂದು ಕೋಣೆ ಕೊಟ್ಟರು.

ಅವಳ ಬಾಯಲ್ಲಿ ಮಗಳದೇ ಮಾತು. “ನಮ್ ಸುಚಿತ್ರ ಡಿಗ್ರಿ ಓದವ್ಳೆ ಮೇಡಂ. ಈ ಗಾಯ ನೋಡಿದ್ರೆ ಊಟ ಬಿಟ್ಬುಡ್ತಾಳೆ. ಉದ್ದ ತೋಳಿನ ರವಿಕೆ ಹಾಕ್ಕಂಡೇ ಹೋಗ್ಬೇಕು.”

ಮೂರು ವಾರಕ್ಕೆ ಠಾಣೆಯ ಉತ್ತರ ಬಂತು.

ಅಧಿಕಾರಿ ಇಂಗ್ಲಿಷಿನಲ್ಲಿ ಓದಿದರು. ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು...

‘ಅಲವೇಲಮ್ಮ ಮೂರು ವರ್ಷದ ಹಿಂದೆಯೇ ತೀರಿಕೊಂಡಿದ್ದಾಳೆ. ಗಂಡ ಮತ್ತು ಮಗಳು ಹೀಗೆಂದು ಸಹಿ ಹಾಕಿಕೊಟ್ಟಿದ್ದಾರೆ.’

ಅವಳು ಅಳಲಿಲ್ಲ.

“ಮಗ್ಳೂ ಸೈನ್ ಹಾಕವ್ಳಾ ಮೇಡಂ?”

“ಹೂಂ...”

“ಎದರ್ಕಂಡಿರ್ತಾಳೆ ಪಾಪ,” ಅಂದಳು. ಆಮೇಲೆ ಸಂಜೆಯವರೆಗೂ ಗೋಡೆ ನೋಡುತ್ತ ಕೂತಿದ್ದಳು.

ಹೊರದೇಶಕ್ಕೆ ಬಂದವರಿಗೆಲ್ಲ ನಾನು ಹೇಳುತ್ತಿದ್ದ ಬುದ್ಧಿಮಾತು ಒಂದೇ. ನಿಮ್ಮ ಕಾಗದಗಳ ಒಂದು ಪ್ರತಿ ನಂಬಿಕಸ್ಥರ ಕೈಯಲ್ಲಿರಲಿ ಎಂದು. ಆ ನಂಬಿಕಸ್ಥರು ಯಾರು ಎಂದು ಹೇಳಿಕೊಡಲು ನನಗೂ ಗೊತ್ತಿರಲಿಲ್ಲ...

“ನೀನು ನೀನೇ ಅಂತ ಹೇಳೋರು ಊರಲ್ಲಿ ಬೇರೆ ಯಾರೂ ಇಲ್ವಾ?” ಎಂದು ಕೇಳಿದೆ.

ಗೋಡೆಯಿಂದ ಕಣ್ಣು ತೆಗೆದಳು. “ಒಬ್ಳವ್ಳೆ... ಆದ್ರೆ ಅವ್ಳು ಹೇಳಲ್ಲ ಬಿಡಿ.”

ಪಕ್ಕದ ಮನೆಯ ಮುನಿರತ್ನಮ್ಮ. ತಿಪ್ಪೆಯ ಜಾಗಕ್ಕಾಗಿ ಇಬ್ಬರಿಗೂ ಹದಿನೈದು ವರ್ಷದ ಜಗಳ. ಅಲವೇಲಮ್ಮ ಊರು ಬಿಟ್ಟ ದಿನವೂ ಮಾತಾಡಿರಲಿಲ್ಲ.

ಹೇಗೋ ಊರಿನ ಹಾಲಿನ ಡೇರಿಯ ನಂಬರ್ ಹುಡುಕಿದೆ. ಹಾಲು ಹಾಕಲು ಬಂದ ಮುನಿರತ್ನಮ್ಮನನ್ನು ಡೇರಿಯವರು ಕರೆದು ಫೋನ್ ಕೊಟ್ಟರು. ವಿಷಯ ಹೇಳಿದೆ.

ಆ ಕಡೆಯಿಂದ ಒಮ್ಮೆಲೇ ಕೂಗಿದಳು.

“ಅಯ್ಯೋ ಪಾಪಿಗಳಾ! ಬದುಕಿರೋಳ ಫೋಟೋಗೆ ಹಾರ ಹಾಕವ್ರಲ್ಲಮ್ಮ! ಫಾರಿನ್ನಲ್ಲಿ ಮನೆಗೆಲಸ ಮಾಡೋಳ ಮಗಳು ಅಂದ್ರೆ ಮದ್ವೆಗೆ ಗಂಡಿನೋರು ಒಪ್ಪಲ್ಲ ಅಂತ ಹಿಂಗೆ ಮಾಡವ್ರೆ. ನಾವೂ ನಿಜ ಅಂತ ಅತ್ವಲ್ಲಮ್ಮ...”

ಮರುದಿನವೇ ಮಹಿಳಾ ಸಂಘದ ಹಳೇ ಗ್ರೂಪ್ ಫೋಟೋ ಹಿಡಿದು ಠಾಣೆಗೆ ಹೋದಳಂತೆ.

“ನೀನೇನಾಗ್ಬೇಕಮ್ಮ ಅವಳಿಗೆ?” ಎಂದು ಕೇಳಿದರಂತೆ.

“ಏನೂ ಆಗ್ಬೇಕಿಲ್ಲ ಸಾ. ಹದಿನೈದು ವರ್ಷ ಜಗಳ ಆಡಿದೀನಿ. ಅವ್ಳನ್ನ ನನಗಿಂತ ಚೆನ್ನಾಗಿ ಯಾರು ಬಲ್ರು?”

ಪೊಲೀಸರು ಮತ್ತೆ ವಿಚಾರಣೆ ಮಾಡಿದರು. ಪ್ರಯಾಣಪತ್ರ ಬಂತು. ಅಲವೇಲಮ್ಮ ವಿಮಾನ ಹತ್ತಿದಳು. ಮುಂದಿನದು ಅವಳೇ ಆಮೇಲೆ ಫೋನಿನಲ್ಲಿ ಹೇಳಿದ್ದು.

ಬೆಂಗಳೂರಿನಲ್ಲಿ ಕರೆದುಕೊಂಡು ಹೋಗಲು ಬಂದವಳೂ ಮುನಿರತ್ನಮ್ಮನೇ. “ಸೀದಾ ನಮ್ಮನೇಗೆ ನಡಿ,” ಅಂದಳು. ಅಲವೇಲಮ್ಮ ಕೇಳಲಿಲ್ಲ. ಮಗಳ ಮುಖ ಒಮ್ಮೆ ನೋಡಬೇಕಿತ್ತು...

ಮನೆಯಲ್ಲಿ ಆ ದಿನ ಸುಚಿತ್ರಳ ಸೀಮಂತ. ಬೀಗರೆಲ್ಲ ಬಂದಿದ್ದರು.

ಬಾಗಿಲಿಗೆ ಮಗಳೇ ಬಂದಳು. ಕೈತುಂಬ ಹಸಿರು ಬಳೆ. ತಾಯಿಯನ್ನು ಕಂಡವಳೇ ಹೊಸ್ತಿಲಲ್ಲಿ ನಿಂತುಬಿಟ್ಟಳು.

ಒಳಗಿನಿಂದ ಅತ್ತೆಯ ದನಿ. “ಯಾರಮ್ಮಾ ಅದು ಸುಚಿತ್ರಾ?”

ಮಗಳು ತಾಯಿಯ ಮುಖವನ್ನೇ ನೋಡಿದಳು.

“ಯಾರೋ ಗೊತ್ತಿಲ್ಲ ಅತ್ತೆ. ಕುಡಿಯೋಕ್ಕೆ ನೀರು ಕೇಳ್ತಾವ್ರೆ.”

ಒಳಗೆ ಹೋಗಿ ಒಂದು ಚೊಂಬು ನೀರು ತಂದುಕೊಟ್ಟಳು.

ಅಲವೇಲಮ್ಮ ಅಂಗಳದಲ್ಲಿ ನಿಂತೇ ಅಷ್ಟನ್ನೂ ಕುಡಿದಳು. “ಸುಖವಾಗಿ ಹೆರಿಗೆ ಆಗ್ಲಿ ತಾಯಿ,” ಎಂದು ಹೇಳಿ ಚೊಂಬು ಕೆಳಗಿಟ್ಟು ನಡೆದಳು.

ಈಗ ಅವಳು ಮುನಿರತ್ನಮ್ಮನ ಮನೆಯಲ್ಲಿದ್ದಾಳೆ. ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ.

ಹೋದ ತಿಂಗಳು ಫೋನ್ ಮಾಡಿದ್ದಳು. “ಮಗಳಿಗೆ ಗಂಡನ ಊರಲ್ಲೇ ಹೆರಿಗೆ ಆಯ್ತಂತೆ, ಗಂಡು ಮಗು ಅಂತೆ ಮೇಡಂ... ಡೇರಿ ತಾವ ಯಾರೋ ಮಾತಾಡ್ಕಂತಿದ್ರು. ಯಾರ ಥರ ಐತೆ ಅಂತ ಕೇಳೋಕ್ಕೂ ಆಗ್ಲಿಲ್ಲ...”



*ನಾವು ಯಾರು ಎಂದು ತೋರಿಸಲು ಕಾಗದವೊಂದೇ ಸಾಲದು... ‘ಇವಳು ನಮ್ಮವಳು’ ಎನ್ನುವ ಒಂದು ಬಾಯಿಯೂ ಬೇಕು.*

ದೂರದೇಶದಲ್ಲಿ ದುಡಿಯುತ್ತಿರುವ ನಿಮ್ಮವರ ಕೆಲಸ ಏನೆಂದು ನಾಲ್ಕು ಜನರ ಮುಂದೆ ಕೇಳಿದರೆ... ನೀವು ತಲೆಯೆತ್ತಿ ಹೇಳುತ್ತೀರಾ?