ಬಿಳಿ ಹುಳುಗಳೆರಡು

ಮಗಳು ಭೂತಗನ್ನಡಿ ಹಿಡಿದು ಬಗ್ಗಿ ನೋಡಿದಳು. ನಿಂಬೆಮರದ ರೆಂಬೆಯ ಮೇಲೆ ದೊಡ್ಡ ಬಿಳಿ ಹುಳು ಚಿಕ್ಕ ಹಿಟ್ಟುತಿಗಣೆಯನ್ನು ಕಚ್ಚಿ ತಿನ್ನುತ್ತಿತ್ತು. ಎರಡರ ಮೈಗೂ ಹಿಟ್ಟು ಮೆತ್ತಿದಂಥ ಒಂದೇ ಬಿಳುಪು.

“ಅಪ್ಪಾ, ಇವು ತಾಯಿ ಮರಿ ಅಲ್ಲ. ಜಾತೀನೇ ಬೇರೆ. ಮರದ ರಸ ಹೀರೋದು ಚಿಕ್ಕದು, ಅದನ್ನ ತಿನ್ನೋದು ದೊಡ್ಡದು.”

“ದೊಡ್ಡದನ್ನ ಹೊಸಕಿದ್ರೆ ಸಂತಾನವೇ ಮುಗೀತು ಅಂತ ಮನೆಮಂದೀನೆಲ್ಲ ಕೆಲಸಕ್ಕೆ ಹಚ್ಚಿದ್ದು ನೀನೇ ಅಲ್ವೇನೇ?”

ಹೌದು, ಅವಳೇ. ಹದಿನೈದು ದಿನದಿಂದ ಎಲ್ಲರೂ ದೊಡ್ಡವನ್ನೇ ಹುಡುಕಿ ಹೊಸಕಿದ್ದರು. ಮರಗಳು ಮಾತ್ರ ಸೊರಗುತ್ತಲೇ ಇದ್ದವು.

“ದೊಡ್ಡವು ಪೂರ್ತಿ ಖಾಲಿ ಕಣ್ರೀ!” ಆಚೆ ಸಾಲಿನಿಂದ ಅಮ್ಮ ಹಿಗ್ಗಿನಿಂದ ಕೂಗಿದಳು. “ನಿಮ್ಮ ಮುಂದಿರೋದೊಂದೇ ಬಾಕಿ.”

ಅಭ್ಯಾಸಬಲದಿಂದ ಅಪ್ಪನ ಹೆಬ್ಬೆರಳು ರೆಂಬೆಯತ್ತ ಇಳಿಯಿತು. ಅವಳು ಅಂಗೈಯನ್ನು ಅಡ್ಡ ಹಿಡಿದಳು.